ನೆಲದ ಆಮೆಯಿಂದ ಪರದೆಯ ಡ್ರೋನಿನವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಹೇಳಿದಾಗ ಶಾಲೆಯ ನೆನಪುಗಳನ್ನೇ ಬರೆಯೋಣ ಅಂದುಕೊಂಡಿದ್ದೆ. ಆದರೆ ಆ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ನನಗೆ ಗೊತ್ತಿರುವ ಒಂದು ಸಣ್ಣ ವಿಷಯದ ಚರಿತ್ರೆಯನ್ನು ಬರೆಯುತ್ತೇನೆ. ಕಳೆದ ವರ್ಷ ಕೆಲವು ಶನಿವಾರ, ಮಧ್ಯಾಹ್ನದ ಬೆಲ್ ಆದ ಮೇಲೆ, ನಮ್ಮ ಶಾಲೆಯ ಒಂಬತ್ತನೇ ತರಗತಿಯ ಇಪ್ಪತ್ತನಾಲ್ಕು ಮಕ್ಕಳ ಜೊತೆ ಕುಳಿತು ಕಂಪ್ಯೂಟರ್ ಪರದೆಯ ಮೇಲೆ ಡ್ರೋನ್ ಹಾರಿಸುವುದನ್ನು ಕಲಿಸಿದೆ. ಬ್ಲಾಕ್ ಕೋಡಿಂಗ್ ಎಂದು ಅದಕ್ಕೆ ಹೆಸರು. ಮಣಿಪಾಲದ ಕಚೇರಿಯ ಸಹೋದ್ಯೋಗಿಗಳಿಂದ ಕೇಳಿ ತಂದ ಐದು ಹಳೆಯ ಲ್ಯಾಪ್‌ಟಾಪ್, ನನ್ನದೊಂದು, ಇಂಟರ್ನೆಟ್ಟಿಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಇಷ್ಟೇ ಬಂಡವಾಳ.

ಮೊದಲ ದಿನವೇ ಗೇಟಿನ ಹತ್ತಿರ ಮಗಳನ್ನು ಕರೆದುಕೊಂಡು ಹೋಗಲು ಬಂದ ತಂದೆಯೊಬ್ಬರು ಕೇಳಿದರು: “ಡ್ರೋನ್ ಕಲಿಸ್ತೀರಂತೆ, ಎಲ್ಲುಂಟು ಡ್ರೋನ್?” ಲ್ಯಾಪ್‌ಟಾಪ್ ತೋರಿಸಿ “ಇದರೊಳಗೆ ಉಂಟು” ಎಂದೆ. ಅವರು ನಕ್ಕರು. ಮದುವೆ ಹಾಲ್‌ಗಳಲ್ಲಿ ತಲೆಯ ಮೇಲೆ ಗುಂಯ್‌ಗುಡುವ ನಿಜವಾದ ಡ್ರೋನನ್ನು ಊರೆಲ್ಲ ನೋಡಿರುವಾಗ ಲ್ಯಾಪ್‌ಟಾಪಿನೊಳಗಿನ ಡ್ರೋನ್ ಎಂದರೆ ನಗು ಬರುವುದು ಸಹಜ. ಅವರ ಪ್ರಶ್ನೆಗೆ ಆವತ್ತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನವನ್ನು ಅವರೂ ಓದುತ್ತಾರೆ ಎಂದುಕೊಂಡಿದ್ದೇನೆ.

ಒಂದು ಕಾರಣ ಹಣ, ಇನ್ನೊಂದು ಕಾನೂನು. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಲು ಹದಿನೆಂಟು ವರ್ಷ ತುಂಬಿರಬೇಕು. 250 ಗ್ರಾಮಿಗಿಂತ ಹಗುರವಾದ ಪುಟ್ಟ ಡ್ರೋನಿಗೆ ಆ ಪ್ರಮಾಣಪತ್ರ ಬೇಡ, ನಿಜ. ಆದರೆ 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೆ, ಶಾಲೆಗಳಲ್ಲಿ ಕಲಿಸಲೆಂದೇ ಹೊರದೇಶದಲ್ಲಿ ತಯಾರಾಗುವ ಅಗ್ಗದ ಡ್ರೋನುಗಳು ಸುಲಭಕ್ಕೆ ಸಿಗದಾದವು. ಸಿಕ್ಕಿತೆಂದೇ ಇಟ್ಟುಕೊಳ್ಳಿ. ಇಪ್ಪತ್ತನಾಲ್ಕು ಮಕ್ಕಳ ಕೈಯಲ್ಲಿ ಒಂದು ಡ್ರೋನ್. ಮೊದಲ ತಪ್ಪಿಗೇ ತೆಂಗಿನ ಮರಕ್ಕೆ ಬಡಿದು ರೆಕ್ಕೆ ಮುರಿದರೆ ಉಳಿದ ಇಪ್ಪತ್ತಮೂರು ಮಂದಿ ಕೈಕಟ್ಟಿ ಕೂರಬೇಕು. ಪರದೆಯ ಡ್ರೋನಾದರೆ ನೂರು ಸಲ ಬಿದ್ದರೂ ಒಂದು ಗುಂಡಿ ಒತ್ತಿದರೆ ಮತ್ತೆ ನೆಲದಲ್ಲಿ ಸಿದ್ಧವಾಗಿ ನಿಂತಿರುತ್ತದೆ.

ಹೀಗೆ ಬೀಳದೆ ಬೀಳುವುದನ್ನು ಕಲಿಸುವ ಯಂತ್ರ ಹುಟ್ಟಿದ್ದು ಹಾರ್ಮೋನಿಯಂನಂಥ ವಾದ್ಯಗಳ ಕಾರ್ಖಾನೆಯಲ್ಲಿ ಎಂದರೆ ಮಕ್ಕಳು ನಂಬಲಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬವರ ತಂದೆಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಮಗನಿಗೆ ವಿಮಾನದ ಹುಚ್ಚು. ಹಾರಾಟದ ಪಾಠಕ್ಕೆ ಸುರಿಯಬೇಕಾದ ಹಣ ನೋಡಿ, ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಒಂದು ಪುಟ್ಟ ಮರದ ವಿಮಾನದ ಕೆಳಗೆ ಜೋಡಿಸಿದ. ಒಳಗೆ ಕುಳಿತವನು ಕೋಲು ಎಳೆದರೆ ತಿದಿ ಉಬ್ಬಿ, ಕುಗ್ಗಿ, ವಿಮಾನ ನೆಲದ ಮೇಲೇ ವಾಲುತ್ತಿತ್ತು. ಇದು 1929ರ ಮಾತು. ಆರಂಭದಲ್ಲಿ ಅದನ್ನು ಕೊಂಡವರಲ್ಲಿ ಮನರಂಜನಾ ಪಾರ್ಕಿನವರೂ ಇದ್ದರು. ನಮ್ಮ ಜಾತ್ರೆಯ ತೊಟ್ಟಿಲಿನ ಹಾಗೆ ಒಂದು ಆಟದ ಸಾಮಾನು ಎಂದೇ ಜನ ಎಣಿಸಿದರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಅಂಚೆ ಸಾಗಿಸುವ ಕೆಲಸ ವಹಿಸಿಕೊಂಡು, ಚಳಿಗಾಲದ ಮಂಜಿನಲ್ಲಿ ದಾರಿ ಕಾಣದೆ ಕೆಲವೇ ವಾರಗಳಲ್ಲಿ ಹಲವರು ಸತ್ತರು. ಉಪಕರಣ ನೋಡಿ ಹಾರುವುದನ್ನು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಆ ಸಾವುಗಳ ನಂತರ ಸೇನೆ ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕುಳಿತು ಕಲಿತಿದ್ದರು. ಸಿಮ್ಯುಲೇಟರ್ ಎಂಬ ಪದ ಕೇಳಿದಾಗಲೆಲ್ಲ ನನಗೆ ಆ ತಿದಿಯ ಚಿತ್ರವೇ ಬರುತ್ತದೆ. ಯಕ್ಷಗಾನದ ಹಾರ್ಮೋನಿಯಂ ಬಿಚ್ಚಿ ರಿಪೇರಿ ಮಾಡುವುದನ್ನು ನೋಡಿದವರಿಗೆ ಈ ಚಿತ್ರ ಕಷ್ಟವಲ್ಲ.

ಕಥೆಯ ಇನ್ನೊಂದು ಕವಲು ಬೇರೆ ಕಡೆಯಿಂದ ಬರುತ್ತದೆ. 1967ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲಮನ್ ಮೊದಲಾದವರು ಮಕ್ಕಳಿಗೆಂದೇ ಒಂದು ಕಂಪ್ಯೂಟರ್ ಭಾಷೆ ಮಾಡಿದರು. ಹೆಸರು ಲೋಗೊ. ಪ್ಯಾಪರ್ಟ್ ಹುಟ್ಟಿದ್ದು ದಕ್ಷಿಣ ಆಫ್ರಿಕದಲ್ಲಿ. ಮಕ್ಕಳು ಹೇಗೆ ಯೋಚಿಸುತ್ತಾರೆ ಎಂದು ಜಿನೀವಾದಲ್ಲಿ ಜೀನ್ ಪಿಯಾಜೆಯವರ ಜೊತೆ ಕೆಲಸ ಮಾಡಿದ ಗಣಿತಜ್ಞ. ಬಿ.ಎಡ್. ಓದಿದ ನಮ್ಮ ಗುರುಗಳಿಗೆಲ್ಲ ಪಿಯಾಜೆ ಪರೀಕ್ಷೆಗೆ ಬಂದೇ ಬರುವ ಹೆಸರು. ಮೊದಲು ಲೋಗೊದಲ್ಲಿ ಚಿತ್ರವಿರಲಿಲ್ಲ, ಪದಗಳ ಆಟವಷ್ಟೇ ಇತ್ತು. ಕೆಲವು ವರ್ಷದಲ್ಲಿ ಅದಕ್ಕೆ ನೆಲದ ಮೇಲೆ ಓಡುವ, ಹೊಟ್ಟೆಗೆ ಪೆನ್ನು ಕಟ್ಟಿಕೊಂಡ ಒಂದು ಯಂತ್ರ ಸೇರಿತು. ಅದನ್ನು ‘ಆಮೆ’ ಎಂದು ಕರೆದರು. ಮುಂದೆ 100, ಬಲಕ್ಕೆ 90, ಮುಂದೆ 100 ಎಂದು ಆಜ್ಞೆ ಕೊಟ್ಟರೆ ಅದು ನಡೆದ ದಾರಿಯಲ್ಲಿ ಗೆರೆ ಬೀಳುತ್ತಿತ್ತು.

ನಮ್ಮ ಮಕ್ಕಳು ಹಾರಿಸಿದ ಡ್ರೋನ್ ಆ ಆಮೆಯೇ. ಮೇಲೇಳಲು ಕಲಿತಿದೆ, ಅಷ್ಟೇ ವ್ಯತ್ಯಾಸ.

ಮೊದಲ ಶನಿವಾರ ಚೌಕ. ‘ಮೇಲೇಳು’ ಬ್ಲಾಕು, ಅದರ ಕೆಳಗೆ ‘4 ಸಲ ಪುನರಾವರ್ತಿಸು’, ಅದರ ಹೊಟ್ಟೆಯೊಳಗೆ ‘ಮುಂದೆ 100 ಸೆಂ.ಮೀ.’ ಮತ್ತು ‘ಬಲಕ್ಕೆ 90 ಡಿಗ್ರಿ’, ಕೊನೆಗೆ ‘ಇಳಿ’. ಇಪ್ಪತ್ತು ನಿಮಿಷದಲ್ಲಿ ಆರೂ ಗುಂಪುಗಳ ಡ್ರೋನು ಚೌಕ ಸುತ್ತಿ ಹೊರಟಲ್ಲೇ ಇಳಿದವು. ನನಗೆ ಬಹಳ ಹೆಮ್ಮೆಯಾಯಿತು. ಎರಡನೇ ಶನಿವಾರ ಸಮಬಾಹು ತ್ರಿಭುಜ ಕೊಟ್ಟೆ. ಆರರಲ್ಲಿ ಆರೂ ಗುಂಪು ‘3 ಸಲ’ ಎಂದು ಬದಲಿಸಿ ‘ಬಲಕ್ಕೆ 60’ ಎಂದು ಹಾಕಿದರು. ಪಾಠದಲ್ಲಿ ಇರುವುದು ಹಾಗೆಯೇ: ಸಮಬಾಹು ತ್ರಿಭುಜದ ಪ್ರತಿ ಕೋನ 60 ಡಿಗ್ರಿ. ಡ್ರೋನು ಮೂರು ಬಾಹು ಹಾರಿ, ಹೊರಟ ಜಾಗದಿಂದ ಎರಡು ಮೀಟರ್ ಆಚೆ ಇಳಿಯಿತು. ನೋಡಿದರೆ ತ್ರಿಭುಜವಲ್ಲ, ಷಡ್ಭುಜದ ಅರ್ಧ!

ಉತ್ತರ ಹೇಳಿಬಿಡಬೇಕು ಎಂದು ನಾಲಗೆ ತುದಿಗೆ ಬಂದಿತ್ತು. ಹಿಂದೆ ಕುಳಿತಿದ್ದ ಗಣಿತ ಮಾಸ್ಟ್ರು ಕೈಸನ್ನೆ ಮಾಡಿ ತಡೆದರು. ಅವರು ತಡೆಯದಿದ್ದರೆ ಆ ದಿನ ಹಾಳಾಗುತ್ತಿತ್ತು. ಸ್ವಲ್ಪ ಹೊತ್ತು ಗದ್ದಲ, ಆಮೇಲೆ ಒಬ್ಬಳು ಹುಡುಗಿ ಎದ್ದು ಜಗಲಿಗೆ ಹೋಗಿ ತಾನೇ ನಡೆಯತೊಡಗಿದಳು. ಮೂರು ಹೆಜ್ಜೆ, ತಿರುಗು. ಮೂರು ಹೆಜ್ಜೆ, ತಿರುಗು. ಮೂಲೆಯಲ್ಲಿ ನಿಂತು ತನ್ನ ಕಾಲಿನ ಬೆರಳು ಎತ್ತ ನೋಡುತ್ತಿದೆ ಎಂದು ಬಗ್ಗಿ ನೋಡಿದಳು. “ಸರ್, ನಾವು ಒಳಗಿನ ಕೋನ ಹೇಳಿದ್ದೇವೆ. ಆದರೆ ಅದು ತಿರುಗುವುದು ಹೊರಗಿನ ಕೋನಕ್ಕೆ.” 180ರಿಂದ 60 ಕಳೆದರೆ 120. ಆಮೇಲೆ ಪಂಚಭುಜ, ಷಡ್ಭುಜ, ಅಷ್ಟಭುಜ ಎಲ್ಲವೂ ತಾವಾಗಿ ಬಂದವು. ಒಂದು ಸುತ್ತು ಮುಗಿಸಿ ಮೊದಲಿನ ದಿಕ್ಕಿಗೇ ಬಂದು ನಿಲ್ಲಬೇಕಾದರೆ ಒಟ್ಟು 360 ಡಿಗ್ರಿ ತಿರುಗಲೇಬೇಕು ಎಂಬುದನ್ನು ಅವರೇ ಬೋರ್ಡಿನ ಮೇಲೆ ಬರೆದರು. ಪ್ಯಾಪರ್ಟ್ 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಇದೇ ಮಾತಿದೆ: ಮಗು ಆಮೆಯ ಜಾಗದಲ್ಲಿ ತನ್ನ ಮೈಯನ್ನಿಟ್ಟು ಯೋಚಿಸುತ್ತದೆ ಎಂದು. ಆ ಹುಡುಗಿ ಅದನ್ನು ಓದಿರಲಿಲ್ಲ, ನಾನೂ ಆವತ್ತಿಗೆ ಓದಿರಲಿಲ್ಲ.

ಅದೇ ಹುಡುಗಿ ಹೋಗುವಾಗ ಕೇಳಿದಳು: “ಕನ್ನಡ ಮೀಡಿಯಮ್ಮಿನವರು ಕಂಪ್ಯೂಟರ್ ಸಾಯನ್ಸ್ ತಗೊಂಡ್ರೆ ತುಂಬ ಕಷ್ಟವಾ ಸರ್?”

ನಾನು ನಿಜ ಹೇಳಿದೆ. ಎಂಜಿನಿಯರಿಂಗ್ ಮೊದಲ ವರ್ಷ ಸಿಸಿಪಿ ಎಂಬ ವಿಷಯದಲ್ಲಿ, ಅಂದರೆ ಸಿ ಭಾಷೆಯ ಪ್ರೋಗ್ರಾಮಿಂಗ್‌ನಲ್ಲಿ, ನನಗೆ ಬ್ಯಾಕ್ ಉಳಿದಿತ್ತು. ಲೆಕ್ಕ ಗೊತ್ತಿತ್ತು, ದಾರಿ ಗೊತ್ತಿತ್ತು. ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಬಿಟ್ಟುಹೋದರೆ ಆ ನೀಲಿ ಪರದೆ ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ‘ಸಿಂಟ್ಯಾಕ್ಸ್’ ಎಂದರೆ ಏನೆಂದು ಲ್ಯಾಬಿನಲ್ಲಿ ಕೇಳಲು ನಾಚಿಕೆ. ಅದೇನೋ ಟ್ಯಾಕ್ಸಿಗೆ ಸಂಬಂಧಪಟ್ಟದ್ದು ಎಂದು ಕೆಲವು ದಿನ ಅಂದುಕೊಂಡದ್ದೂ ಉಂಟು. ಒಂದು ಸೆಮಿಸ್ಟರ್ ನಾನು ಈ ಕೆಲಸಕ್ಕೆ ಹುಟ್ಟಿದವನೇ ಅಲ್ಲ ಎಂದು ನಂಬಿಕೊಂಡಿದ್ದೆ. ಊರಿಗೆ ಬಂದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮರುಪರೀಕ್ಷೆಯಲ್ಲಿ ಪಾಸಾದೆ, ಆದರೆ ಆ ಆರು ತಿಂಗಳು ವ್ಯರ್ಥವಾದದ್ದಕ್ಕೆ ಈಗಲೂ ಸಿಟ್ಟಿದೆ. ತಪ್ಪಿದ್ದು ನನ್ನ ಯೋಚನೆಯಲ್ಲಿ ಅಲ್ಲ, ಕಾಗುಣಿತದಲ್ಲಿ. ಎರಡನ್ನೂ ಬೇರೆ ಮಾಡಿ ತೋರಿಸುವವರು ಯಾರೂ ಇರಲಿಲ್ಲ.

ಬ್ಲಾಕುಗಳು ಮಾಡುವುದು ಇದನ್ನೇ. 1996ರಲ್ಲಿ ಎಂ.ಐ.ಟಿ.ಯಲ್ಲಿ ಆಂಡ್ರ್ಯೂ ಬೀಗಲ್ ಎಂಬ ವಿದ್ಯಾರ್ಥಿ ಲೋಗೊ ಭಾಷೆಯ ಆಜ್ಞೆಗಳನ್ನು ಒಂದಕ್ಕೊಂದು ಕೂರುವ ತುಂಡುಗಳನ್ನಾಗಿ ಮಾಡಿದ. ‘ಲೋಗೊಬ್ಲಾಕ್ಸ್’ ಎಂದು ಹೆಸರಿಟ್ಟ. ಅದೇ ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು 2007ರಲ್ಲಿ ‘ಸ್ಕ್ರ್ಯಾಚ್’ ಬಿಡುಗಡೆ ಮಾಡಿದರು. 2012ರಲ್ಲಿ ಗೂಗಲ್ ‘ಬ್ಲಾಕ್ಲಿ’ಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು, ಅದರ ಮೇಲೆ ಯಾರು ಬೇಕಾದರೂ ತಮ್ಮದೇ ಬ್ಲಾಕುಗಳನ್ನು ಕಟ್ಟಬಹುದು. ತುಂಡು ಹೊಂದದ ಕಡೆ ಕೂರುವುದೇ ಇಲ್ಲ, ಆದ್ದರಿಂದ ಕಾಗುಣಿತದ ತಪ್ಪಿಗೆ ಅವಕಾಶವಿಲ್ಲ. ಯೋಚನೆಯ ತಪ್ಪಿಗೆ ಪೂರ್ತಿ ಅವಕಾಶ ಉಂಟು, ತ್ರಿಭುಜದಲ್ಲಿ ನೋಡಿದೆವಲ್ಲ. ಇದು ನಿಜವಾದ ಪ್ರೋಗ್ರಾಮಿಂಗ್ ಅಲ್ಲ, ಮಕ್ಕಳಾಟ ಎಂದು ಕಚೇರಿಯಲ್ಲಿ ಕೆಲವರು ಹೇಳುತ್ತಾರೆ. ಸಿಸಿಪಿಯಲ್ಲಿ ಬ್ಯಾಕ್ ಬಾರದವರು ಹಾಗೆ ಹೇಳುವುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ತುಂಡು ಹೊಂದಿಸುವ ಈ ಬುದ್ಧಿ ನಮ್ಮ ಕರಾವಳಿಗೆ ಹೊಸದೂ ಅಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿ, ಮುದ್ರಣ ಮತ್ತು ಅಕ್ಷರ ತಂತ್ರಜ್ಞಾನದಲ್ಲಿ ದುಡಿದು, ಮಣಿಪಾಲದಲ್ಲಿ ಪಾಠ ಹೇಳಿದ ಕೆ. ಪಿ. ರಾವ್ ಅವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ಕನ್ನಡದ ಎಲ್ಲ ಗುಣಿತಾಕ್ಷರಗಳಿಗೆ, ಒತ್ತಕ್ಷರಗಳಿಗೆ ಒಂದೊಂದು ಕೀಲಿ ಕೊಡಲು ಹೊರಟರೆ ಕೀಲಿಮಣೆ ಊಟದ ಮೇಜಿನಷ್ಟು ದೊಡ್ಡದಾಗಬೇಕು. ಅವರು ವ್ಯಂಜನಕ್ಕೆ ಒಂದು, ಸ್ವರಕ್ಕೆ ಒಂದು ಕೀಲಿ ಇಟ್ಟು, ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರು. ಮೊದಲು ವ್ಯಂಜನ, ಅದರ ಬೆನ್ನಿಗೆ ಸ್ವರ; ಅಕ್ಷರ ತಾನೇ ಮೂಡುತ್ತದೆ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಇವತ್ತು ‘ನುಡಿ’ಯಲ್ಲಿ ನಾವು ಬಳಸುವ ಕೀಲಿಮಣೆಗೂ ಅದೇ ಆಧಾರ. ಈ ಸಂಚಿಕೆಯ ಎಷ್ಟೋ ಲೇಖನಗಳು ಆ ದಾರಿಯಿಂದಲೇ ಟೈಪ್ ಆಗಿ ಬಂದಿರಬಹುದು. ಮಕ್ಕಳಿಗೆ ಬ್ಲಾಕು ಹೇಗೆ ಕೂರುತ್ತದೆ ಎಂದು ವಿವರಿಸುವಾಗ ನಾನು ಕೊಟ್ಟ ಉದಾಹರಣೆ ಇದೇ: ‘ಕ’ಗೆ ಕೊಂಬು ಹತ್ತುತ್ತದೆ, ಬರಿಯ ಕೊಂಬಿಗೆ ಕೊಂಬು ಹತ್ತುವುದಿಲ್ಲ. ಅವರಿಗೆ ಥಟ್ಟನೆ ಹೊಳೆಯಿತು. ಬ್ಲಾಕಿನ ಮೇಲೆ ಇಂಗ್ಲಿಷ್ ಪದಗಳಿದ್ದವು. ಎಲ್ಲದಕ್ಕೂ ಕನ್ನಡ ಬರೆದ ಒಂದು ಚಾರ್ಟನ್ನು ಹುಡುಗರೇ ಗೋಡೆಗೆ ಅಂಟಿಸಿದರು.

ಯಂತ್ರಗಳು ನಮ್ಮ ಶಾಲೆಗಳಿಗೆ ಬಂದ ಚರಿತ್ರೆಯನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಆರ್ಯಭಟ ಉಪಗ್ರಹ ಮೇಲೇರಿದ್ದು 1975ರ ಏಪ್ರಿಲ್ 19ರಂದು. ಅದೇ ವರ್ಷ ಆಗಸ್ಟಿನಲ್ಲಿ, ಅಮೆರಿಕದ ಒಂದು ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ ಪ್ರಯೋಗ ಆರಂಭವಾಯಿತು. ಕರ್ನಾಟಕವೂ ಅದರಲ್ಲಿ ಸೇರಿತ್ತು. ಒಂದು ವರ್ಷಕ್ಕೆ ಅದು ಮುಗಿಯಿತು. 1984–85ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ 248 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಆ ಯಂತ್ರದ ನೆನಪಿನ ಶಕ್ತಿ 32 ಕಿಲೋಬೈಟ್. ಈಗ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅದು ಸಾಲದು. 2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಬಂತು. 2016ರ ನಂತರ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರನೇ ತರಗತಿಯ ಹಂತದಿಂದಲೇ ಕೋಡಿಂಗ್ ಎಂದು ಬರೆದಿದೆ. ಪ್ರತಿ ಸಲವೂ ಮೊದಲು ಬಂದದ್ದು ಯಂತ್ರ. ಅದರ ಜೊತೆ ಕೂರುವ ಮನುಷ್ಯ ತಡವಾಗಿ ಬಂದ, ಅಥವಾ ಗುತ್ತಿಗೆ ಮುಗಿದ ಕೂಡಲೇ ಹೊರಟುಹೋದ. ಯಂತ್ರ ಕೆಟ್ಟರೆ ದುರಸ್ತಿ ಮಾಡಬಹುದು. ‘60 ಅಲ್ಲ, 120’ ಎಂದು ಹೇಳುವ ಮೊದಲು ಬಾಯಿ ಮುಚ್ಚಿಕೊಂಡು ಕಾಯುವ ಮಾಸ್ಟ್ರು ಯಾವ ಟೆಂಡರಿನಲ್ಲೂ ಬರುವುದಿಲ್ಲ.

ಈಗ ಗಾಳಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದು ಅದಕ್ಕಾಗಿಯೇ.

ಮೂರನೇ ಶನಿವಾರ, ಕೋಡಿ ಕಡೆಯ ಒಬ್ಬ ಹುಡುಗ, ತಂದೆ ದೋಣಿಯಲ್ಲಿ ತಂಡೇಲರು, ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದವನು ಕೇಳಿದ: “ಎಂತ ಸರ್, ಇದರಲ್ಲಿ ಗಾಳಿಯೇ ಇಲ್ವಾ?”

ಇರಲಿಲ್ಲ. ನಾವು ಬಳಸುತ್ತಿದ್ದ ಸಿಮ್ಯುಲೇಟರಿನಲ್ಲಿ ಮುಂದೆ 100 ಎಂದರೆ ಸರಿಯಾಗಿ 100. ಪಡುವಣಕ್ಕೆ ಕಡಲು, ತೆಂಕಣಕ್ಕೆ ಶಾಂಭವಿ ಹೊಳೆ ಇರುವ ಈ ಊರಿನಲ್ಲಿ ಮಧ್ಯಾಹ್ನದ ಹೊತ್ತು ಗಾಳಿಯೇ ಇಲ್ಲದ ಆಕಾಶವನ್ನು ಆ ಹುಡುಗ ಹೇಗೆ ನಂಬುತ್ತಾನೆ? ನಿಜವಾದ ಪುಟ್ಟ ಡ್ರೋನುಗಳು ಹೊಟ್ಟೆಯ ಕೆಳಗಿನ ಕ್ಯಾಮೆರಾದಿಂದ ನೆಲವನ್ನು ನೋಡುತ್ತ ತಾವು ಎಷ್ಟು ಸರಿದೆವು ಎಂದು ಅಂದಾಜು ಮಾಡುತ್ತವೆ, ಗಾಳಿ ತಳ್ಳಿದರೆ ಸರಿಪಡಿಸಿಕೊಳ್ಳುತ್ತವೆ ಎಂದು ವಿವರಿಸಿದೆ. “ಹಾಗಾದರೆ ನೀರಿನ ಮೇಲೆ?” ಎಂದ. ನೀರು ತಾನೇ ಓಡುವುದರಿಂದ ಅಲ್ಲಿ ಅದಕ್ಕೆ ಮೋಸ ಆಗುತ್ತದೆ ಎಂದೆ. ಅವನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಎರಡು ವಾರ ರಾತ್ರಿ ಕುಳಿತು, ಬ್ಲಾಕ್ಲಿಯನ್ನೇ ಬಳಸಿ, ಗಾಳಿ ಇರುವ ಒಂದು ಸಾದಾ ಸಿಮ್ಯುಲೇಟರ್ ಬರೆದೆ. ಚೆಂದವೇನಿಲ್ಲ, ಡ್ರೋನಿನ ಬದಲು ಒಂದು ಬಾಣದ ಗುರುತು. ಆದರೆ ಪ್ರತಿ ಬಾಹು ಹಾರಿ ಮುಗಿಯುವಷ್ಟರಲ್ಲಿ ಪಡುಗಾಳಿ ಅದನ್ನು 15 ಸೆಂ.ಮೀ. ಪೂರ್ವಕ್ಕೆ ತಳ್ಳುತ್ತದೆ.

ಆ ಶನಿವಾರ ಯಾರ ಚೌಕವೂ ಕೂಡಲಿಲ್ಲ. ನಾಲ್ಕು ಬಾಹು ಮುಗಿಯುವಾಗ ಡ್ರೋನು ಹೊರಟ ಜಾಗದಿಂದ 60 ಸೆಂ.ಮೀ. ಪೂರ್ವಕ್ಕೆ ಇಳಿಯುತ್ತಿತ್ತು. 15ರ ನಾಲ್ಕು ಪಟ್ಟು ಎಂದು ತಕ್ಷಣ ಲೆಕ್ಕ ಹಾಕಿದರು. ಉತ್ತರಕ್ಕೆ ಮುಖ ಮಾಡಿ ಹೊರಡುವುದರಿಂದ ಪಶ್ಚಿಮ ಎಡಗಡೆ. ಹಾಗಾದರೆ ಸುಲಭ: ಪುನರಾವರ್ತನೆಯ ಒಳಗೆ ‘ಎಡಕ್ಕೆ 15’ ಎಂದು ಒಂದು ಬ್ಲಾಕು ಸೇರಿಸಿದರಾಯಿತು. ಸೇರಿಸಿದರು, ಓಡಿಸಿದರು. ಡ್ರೋನು ಮತ್ತೆ ಸರಿಯಾಗಿ 60 ಸೆಂ.ಮೀ. ಪೂರ್ವಕ್ಕೇ ಇಳಿಯಿತು. ಒಂದು ಅಂಗುಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನನ್ನ ಸಿಮ್ಯುಲೇಟರಿನಲ್ಲೇ ತಪ್ಪಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಒಂದು ಕ್ಷಣ ನನಗೂ ಅನುಮಾನ ಬಂತು. ಗಣಿತ ಮಾಸ್ಟ್ರು ಮತ್ತೆ ಏನೂ ಹೇಳಲಿಲ್ಲ. ಕಾಗದದ ಮೇಲೆ ಒಂದು ಬಾಣ ಬರೆದು ಮೇಜಿನ ಮೇಲೆ ಇಟ್ಟು ಸುಮ್ಮನಾದರು. ಕೋಡಿಯ ಹುಡುಗ ಅದನ್ನು ತಿರುಗಿಸುತ್ತ ತಿರುಗಿಸುತ್ತ ಹೇಳಿದ: “ಡ್ರೋನು ತಿರುಗುವಾಗ ಅದರ ಎಡಗೈ ಕೂಡ ತಿರುಗ್ತದೆ ಸರ್. ಗಾಳಿ ತಿರುಗುವುದಿಲ್ಲ.”

ಅಷ್ಟೇ ವಿಷಯ. ನಾಲ್ಕು ಬಾಹುಗಳಲ್ಲಿ ನಾಲ್ಕು ದಿಕ್ಕಿಗೆ ಎಡಕ್ಕೆ ಸರಿದರೆ ಒಟ್ಟು ಸರಿದದ್ದು ಸೊನ್ನೆ. ಉತ್ತರಕ್ಕೆ ಹೋಗುವಾಗ ಎಡಕ್ಕೆ 15 ಸರಿ. ಪೂರ್ವಕ್ಕೆ ಹೋಗುವಾಗ ಗಾಳಿ ಬೆನ್ನಿಗಿರುವುದರಿಂದ ಮುಂದೆ 85 ಸಾಕು. ದಕ್ಷಿಣಕ್ಕೆ ಹೋಗುವಾಗ ಬಲಕ್ಕೆ 15. ಪಶ್ಚಿಮಕ್ಕೆ ಗಾಳಿಗೆ ಎದುರು, ಆದ್ದರಿಂದ 115. ಅಷ್ಟು ಚೆಂದದ ‘4 ಸಲ ಪುನರಾವರ್ತಿಸು’ ಬ್ಲಾಕನ್ನು ಕಿತ್ತುಹಾಕಿ ನಾಲ್ಕು ಬಾಹುಗಳನ್ನೂ ಬೇರೆ ಬೇರೆ ಬರೆಯಬೇಕಾಯಿತು. ಪ್ರೋಗ್ರಾಂ ಉದ್ದವಾಯಿತು, ಚೌಕ ಕೂಡಿತು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಎಂಟನೇ ತರಗತಿಯ ಮಕ್ಕಳೂ ಚಪ್ಪಾಳೆ ತಟ್ಟಿದರು.

ಸೋಮವಾರ ಸಂಜೆ ಆ ಹುಡುಗನ ತಂದೆ ಪೇಟೆಯಲ್ಲಿ ಸಿಕ್ಕಿದರು. ಮಗ ಮನೆಯಲ್ಲಿ ಎಲ್ಲ ಹೇಳಿದ್ದನಂತೆ. “ಅಳಿವೆ ದಾಟುವಾಗ ನಾವು ದಿನಾ ಮಾಡುವುದು ಅದೇ ಅಲ್ವಾ? ಅದಕ್ಕೆ ಕಂಪ್ಯೂಟರ್ ಯಾಕೆ ಮಾರ್ರೆ?” ಎಂದು ಕೇಳಿದರು. ನೀರು ಎಳೆಯುವ ಕಡೆಗೆ ವಿರುದ್ಧವಾಗಿ ದೋಣಿಯ ಮುಂಭಾಗವನ್ನು ಸ್ವಲ್ಪ ತಿರುಗಿಸಿಟ್ಟು ಹೋದರೆ ಮಾತ್ರ ಬೇಕಾದಲ್ಲಿಗೆ ತಲುಪುವುದು. ಇದನ್ನು ಅವರು ಮಗನ ವಯಸ್ಸಿನಲ್ಲಿ ತಮ್ಮ ತಂದೆಯ ಹತ್ತಿರ ಕಲಿತದ್ದು. ಎಷ್ಟು ತಿರುಗಿಸುತ್ತೀರಿ ಎಂದು ಕೇಳಿದೆ. ಅಂಗೈಯನ್ನು ಗಾಳಿಯಲ್ಲಿ ಹಿಡಿದು ತೋರಿಸಿದರು. ಒಂದು ಶನಿವಾರ ಶಾಲೆಗೆ ಬಂದು ಮಕ್ಕಳಿಗೆ ಹೇಳಬೇಕೆಂದು ಕೇಳಿಕೊಂಡಿದ್ದೇನೆ. ಮಳೆಗಾಲದಲ್ಲಿ ಬೋಟು ಕಟ್ಟಿದಾಗ ಬರುತ್ತೇನೆ ಎಂದಿದ್ದಾರೆ.

ಹೊತ್ತು ಹೊತ್ತಿಗೆ ದಿಕ್ಕು ಬದಲಿಸುವ ಗಾಳಿಯನ್ನು ಇನ್ನೂ ಸೇರಿಸಿಲ್ಲ. ಅದಕ್ಕೆ ‘ಹೀಗಾದರೆ ಹೀಗೆ ಮಾಡು’ ಎಂಬ ಬ್ಲಾಕು ಬೇಕು. ಮೂರು ಗುಂಪು ಪ್ರಯತ್ನಿಸುತ್ತಿವೆ, ಯಾರದ್ದೂ ಸರಿಯಾಗಿಲ್ಲ. ತಂದ ಆರು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪೂರ್ತಿ ಸತ್ತಿದೆ, ಇನ್ನೊಂದರ ಸ್ಪೇಸ್ ಬಾರ್ ಕೆಲಸ ಮಾಡುವುದಿಲ್ಲ. ಹಳೆ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಬಳಸದೆ ಕಪಾಟಿನಲ್ಲಿಟ್ಟ ಲ್ಯಾಪ್‌ಟಾಪ್ ಇದ್ದರೆ ದಯವಿಟ್ಟು ಶಾಲೆಯ ಕಚೇರಿಗೆ ತಲುಪಿಸಿ. ಬ್ಯಾಟರಿ ಹೋಗಿದ್ದರೂ ಅಡ್ಡಿಯಿಲ್ಲ, ಚಾರ್ಜರ್ ಮಾತ್ರ ಮರೆಯಬೇಡಿ. ಬೆಂಗಳೂರು, ಮುಂಬೈ, ಗಲ್ಫಿನಿಂದ ಊರಿಗೆ ಬಂದವರು ಒಂದು ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಕೋಡಿಂಗ್ ಬರಬೇಕೆಂದಿಲ್ಲ.